ಸಡಿಲಗೊಂಡ ಸ್ಟೀರಿಂಗ್: 1974ರ ಕಾರ್ವೆಟ್ ಕಾರೊಂದರ ದುರಸ್ತಿಯ ಪ್ರಕರಣ ಅಧ್ಯಯನ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗ ಸ್ನೇಹಿತರೊಬ್ಬರ ಬಳಿ 1974ರ ಶೆವ್ರೊಲೆ ಕಾರ್ವೆಟ್ ಕಾರೊಂದಿದೆ. 1968ರಿಂದ 1982ರವರೆಗೆ ತಯಾರಾದ ಮೂರನೆಯ ತಲೆಮಾರಿನ ಕಾರ್ವೆಟ್ ಇದು. ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಬಾಡಿ, ಮುಂದೆ 350 ಘನ ಅಂಗುಲದ ವಿ-8 ಎಂಜಿನ್, ನಾಲ್ಕೂ ಗಾಲಿಗಳಿಗೆ ಸ್ವತಂತ್ರ ಸಸ್ಪೆನ್ಷನ್. ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಎಲ್ಲವೂ ಸುಸ್ಥಿತಿಯಲ್ಲಿದ್ದರೂ ಸ್ನೇಹಿತರು ಕಾರನ್ನು ಹೆದ್ದಾರಿಗೆ ತೆಗೆದುಕೊಂಡು ಹೋಗುವುದನ್ನೇ ಬಿಟ್ಟಿದ್ದರು. ಗಂಟೆಗೆ 100 ಕಿ.ಮೀ. ವೇಗ ದಾಟಿದರೆ ಕಾರು ಒಂದೇ ಗೆರೆಯಲ್ಲಿ ನಿಲ್ಲದೆ ಎಡಕ್ಕೂ ಬಲಕ್ಕೂ ಎಳೆಯುತ್ತಿತ್ತು, ಸ್ಟೀರಿಂಗ್ ಚಕ್ರವನ್ನು ಒಂದು ಕ್ಷಣವೂ ಸುಮ್ಮನೆ ಹಿಡಿಯುವಂತಿರಲಿಲ್ಲ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುತ್ತಿರಲಿಲ್ಲ, ಕೈಯಿಂದಲೇ ತಿರುಗಿಸಿ ತರಬೇಕಿತ್ತು. ಇವೆರಡರ ಜೊತೆಗೆ ಅವರು ಹೇಳಿದ ಮೂರನೆಯ ಸಂಗತಿಯೊಂದಿತ್ತು. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೂ ಬಿಟ್ಟಾಗ ಇನ್ನೊಂದು ಕಡೆಗೂ ಕಾರಿನ ಹಿಂಭಾಗ ಸರಿದಂತೆ ಅವರಿಗೆ ಭಾಸವಾಗುತ್ತಿತ್ತು. ಹಿಂದೆ ಕಾರನ್ನು ನೋಡಿದ್ದ ವರ್ಕ್‌ಶಾಪ್‌ನವರು ಮೊದಲಿನ ಎರಡು ದೂರುಗಳನ್ನು ಮಾತ್ರ ಗಣನೆಗೆ ತೆಗೆದುಕೊಂಡು, ಸ್ಟೀರಿಂಗ್ ಬಾಕ್ಸಿನ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂ ಬಿಗಿಮಾಡಿ, ಅದರಿಂದಲೂ ಪ್ರಯೋಜನವಾಗದಿದ್ದಾಗ ಬಾಕ್ಸೇ ಸವೆದಿದೆ, ಬದಲಿಸಬೇಕು ಎಂದು ಷರಾ ಬರೆದು ಕಳುಹಿಸಿದ್ದರು.

ಬಾಕ್ಸನ್ನು ಬದಲಿಸದೆಯೇ ಈ ಕಾರಿನ ಸ್ಟೀರಿಂಗ್ ಸರಿಹೋಯಿತು. ಅದು ಹೇಗೆ ಎಂಬುದನ್ನು ತಿಳಿಯಲು ಮೊದಲು ಅದರ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ರಚನೆ ಮತ್ತು ಅದರ ಲೆಕ್ಕ

ಈ ಕಾರಿನಲ್ಲಿರುವುದು ಇಂದಿನ ಕಾರುಗಳ ರ‍್ಯಾಕ್ ಅಂಡ್ ಪಿನಿಯನ್ (ಚಿಕ್ಕ ಗೇರೊಂದು ಹಲ್ಲುಪಟ್ಟಿಯನ್ನು ಎಡಬಲಕ್ಕೆ ಸರಿಸುವ) ವ್ಯವಸ್ಥೆಯಲ್ಲ. ಜನರಲ್ ಮೋಟರ್ಸ್ ಕಂಪನಿಯ ಸ್ಯಾಗಿನಾ ವಿಭಾಗ ತಯಾರಿಸಿದ, ಒಳಗೆ ಉಕ್ಕಿನ ಗುಂಡುಗಳು ಸುತ್ತುವ ರೀಸರ್ಕ್ಯುಲೇಟಿಂಗ್ ಬಾಲ್ ಮಾದರಿಯ ಬಾಕ್ಸ್ ಇದರಲ್ಲಿದೆ. ಸ್ಯಾಗಿನಾ ಎಂಬುದು ಮಿಷಿಗನ್ ರಾಜ್ಯದ್ದೇ ಒಂದು ಊರು. ನಮ್ಮ ರಸ್ತೆಗಳಲ್ಲಿ ಓಡುವ ಲಾರಿ, ಬಸ್ಸುಗಳಲ್ಲಿಯೂ ಇದೇ ತತ್ತ್ವದ ಬಾಕ್ಸುಗಳಿರುವುದರಿಂದ ಅವುಗಳ ಮೆಕ್ಯಾನಿಕ್‌ಗಳಿಗೆ ಇದು ಹೊಸದೇನಲ್ಲ. ಸ್ಟೀರಿಂಗ್ ಶಾಫ್ಟಿನ ತುದಿಗೆ ಜೋಡಿಸಿದ ವರ್ಮ್ (ತಿರುಪಿನಂಥ ದಂಡ) ತಿರುಗಿದಾಗ ಗುಂಡುಗಳ ಮೇಲೆ ಕೂತಿರುವ ನಟ್ ಮೇಲೆ ಕೆಳಗೆ ಸರಿಯುತ್ತದೆ. ನಟ್‌ನ ಹೊರಮೈಯ ಹಲ್ಲುಗಳು ಸೆಕ್ಟರ್ ಶಾಫ್ಟಿನ ಹಲ್ಲುಗಳನ್ನು ತಿರುಗಿಸುತ್ತವೆ, ಆ ಶಾಫ್ಟಿನ ಕೆಳತುದಿಯಲ್ಲಿರುವ ಡ್ರಾಪ್ ಆರ್ಮ್ ಅಡ್ಡಲಾಗಿ ಬೀಸುತ್ತದೆ. ಡ್ರಾಪ್ ಆರ್ಮ್‌ನಿಂದ ಚಲನೆ ರಿಲೇ ರಾಡಿಗೆ ಸಾಗುತ್ತದೆ. ರಿಲೇ ರಾಡಿನ ಇನ್ನೊಂದು ತುದಿಯನ್ನು ಐಡ್ಲರ್ ಆರ್ಮ್ ಹೊತ್ತಿರುತ್ತದೆ, ರಿಲೇ ರಾಡಿನಿಂದ ಹೊರಟ ಎರಡು ಟೈ ರಾಡುಗಳು ಎರಡು ಗಾಲಿಗಳನ್ನು ತಿರುಗಿಸುತ್ತವೆ. ಪವರ್ ಸ್ಟೀರಿಂಗ್ ಇರುವ ಕಾರ್ವೆಟ್‌ಗಳಲ್ಲಿ ಹೈಡ್ರಾಲಿಕ್ ಸಹಾಯ ಬಾಕ್ಸಿನ ಒಳಗಿಲ್ಲ. ಡ್ರಾಪ್ ಆರ್ಮ್ ಮತ್ತು ರಿಲೇ ರಾಡ್ ಸೇರುವ ಜಾಗದಲ್ಲಿ ಕಂಟ್ರೋಲ್ ವಾಲ್ವ್ ಇದೆ, ಅದು ಕಳುಹಿಸುವ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸಿಲಿಂಡರ್ ರಿಲೇ ರಾಡಿಗೂ ಚಾಸಿಗೂ ನಡುವೆ ಇದೆ.

ಬಾಕ್ಸಿನ ಅನುಪಾತ 16:1. ಸ್ಟೀರಿಂಗ್ ಚಕ್ರದ ವ್ಯಾಸ 15 ಅಂಗುಲ, ಅಂದರೆ ಅದರ ಅಂಚು ಒಂದು ಡಿಗ್ರಿ ತಿರುಗಿದರೆ ಸುಮಾರು 3.3 ಮಿ.ಮೀ. ಸರಿಯುತ್ತದೆ. ಡ್ರಾಪ್ ಆರ್ಮ್‌ನ ಉದ್ದವನ್ನು ಅಂದಾಜಿಗೆ 150 ಮಿ.ಮೀ. ಎಂದು ಇಟ್ಟುಕೊಂಡರೆ, ಅದರ ತುದಿಯಲ್ಲಿ ಒಂದು ಮಿಲಿಮೀಟರ್ ಸಡಿಲವಿದ್ದರೆ ಕೈಯಲ್ಲಿರುವ ಚಕ್ರದ ಅಂಚಿನಲ್ಲಿ ಅದು ಸುಮಾರು 20 ಮಿ.ಮೀ. ಆಗಿ ಕಾಣಿಸಿಕೊಳ್ಳುತ್ತದೆ. ಈ ಲೆಕ್ಕವನ್ನು ಒಮ್ಮೆ ಮಾಡಿಕೊಂಡವರು ಚಕ್ರದ ಅಂಚಿನಲ್ಲಿ ಮೂರು ಬೆರಳಗಲ ಪ್ಲೇ (ಗಾಲಿ ತಿರುಗದೆ ಚಕ್ರ ಮಾತ್ರ ಆಡುವ ಸಡಿಲ) ಕಂಡ ಕೂಡಲೇ ಯಾವುದೋ ಒಂದು ಭಾಗ ಪೂರ್ತಿ ಹಾಳಾಗಿದೆ ಎಂದು ಹುಡುಕಲು ಹೊರಡುವುದಿಲ್ಲ. ಕಣ್ಣಿಗೆ ಬೀಳದಷ್ಟು ಸಣ್ಣ ಸವೆತಗಳು ನಾಲ್ಕೈದು ಕಡೆ ಇದ್ದರೂ ಕೈಗೆ ಸಿಗುವ ಫಲಿತಾಂಶ ಅದೇ ಆಗಿರುತ್ತದೆ.

ತಪಾಸಣೆ

ಸ್ಟೀರಿಂಗ್ ಚಕ್ರದ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗುರುತು ಹಾಕಿ, ಗಾಲಿ ಅಲುಗುವ ಮುನ್ನ ಅಂಚು ಎಷ್ಟು ಸರಿಯುತ್ತದೆ ಎಂದು ಅಳೆದಾಗ 65 ಮಿ.ಮೀ. ಬಂತು. ಅಳತೆಯನ್ನು ಎಂಜಿನ್ ಓಡುತ್ತಿರುವಾಗಲೇ ಮಾಡಲಾಯಿತು, ಕಾರಿನ ಭಾರವೂ ಗಾಲಿಗಳ ಮೇಲೆಯೇ ಇತ್ತು. ಈ ಬಗೆಯ ಪವರ್ ಸ್ಟೀರಿಂಗ್‌ನಲ್ಲಿ ಕಂಟ್ರೋಲ್ ವಾಲ್ವಿನ ಒಳಗಿನ ಸ್ಪೂಲ್ ಎಂಬ ಸರಿದಾಡುವ ದಂಡ ಸ್ವಲ್ಪ ಸರಿದ ಮೇಲೆಯೇ ಎಣ್ಣೆಯ ಒತ್ತಡ ಹುಟ್ಟುತ್ತದೆ. ಎಂಜಿನ್ ನಿಲ್ಲಿಸಿ ಚಕ್ರ ಅಲುಗಿಸಿದರೆ ಆ ಸ್ವಾಭಾವಿಕ ಸರಿದಾಟವೂ ಸವೆತದಂತೆ ತೋರುತ್ತದೆ. ಚೆನ್ನಾಗಿರುವ ವಾಲ್ವನ್ನು ಹಾಳಾಗಿದೆ ಎಂದು ಬಿಸಾಡುವವರಲ್ಲಿ ಹಲವರು ಎಡವುವುದು ಇಲ್ಲಿಯೇ.

ಬಳಿಕ ಒಬ್ಬರು ಚಕ್ರವನ್ನು ಎಡಬಲಕ್ಕೆ ಮೆಲ್ಲಗೆ ಅಲುಗಿಸುತ್ತಿರಲು ಇನ್ನೊಬ್ಬರು ಒಂದೊಂದೇ ಜೋಡಣೆಯ ಮೇಲೆ ಬೆರಳಿಟ್ಟು, ಎಲ್ಲಿ ಒಂದು ಭಾಗ ತಿರುಗಿ ಮುಂದಿನದು ತಿರುಗದೆ ಉಳಿಯುತ್ತದೆ ಎಂದು ನೋಡುತ್ತ ಹೋದೆವು. ಒಟ್ಟು 65ರಲ್ಲಿ 18 ಮಿ.ಮೀ. ಬಾಕ್ಸನ್ನು ತಲುಪುವ ಮೊದಲೇ, ಶಾಫ್ಟ್ ಮತ್ತು ಬಾಕ್ಸನ್ನು ಸೇರಿಸುವ ರಬ್ಬರ್ ಕಪ್ಲಿಂಗ್‌ನಲ್ಲಿ ಕಳೆದುಹೋಗುತ್ತಿತ್ತು. ಬಾಕ್ಸಿನೊಳಗೆ ಸುಮಾರು 22 ಮಿ.ಮೀ. ಹೋಗುತ್ತಿತ್ತು. ಉಳಿದದ್ದು ಡ್ರಾಪ್ ಆರ್ಮ್‌ನಿಂದ ಗಾಲಿಯವರೆಗಿನ ಜೋಡಣೆಗಳಲ್ಲಿ ಹಂಚಿಹೋಗಿತ್ತು. ಐಡ್ಲರ್ ಆರ್ಮ್‌ನ ಬುಷ್ (ಕೀಲಿನೊಳಗಿನ ಕೊಳವೆ) ಸವೆದು ರಿಲೇ ರಾಡಿನ ಬಲತುದಿ ಮೇಲೆ ಕೆಳಗೆ ಆಡುತ್ತಿತ್ತು, ಕಂಟ್ರೋಲ್ ವಾಲ್ವಿನ ಬಾಲ್ ಸ್ಟಡ್ ತನ್ನ ಸೀಟಿನಲ್ಲಿ ಸಡಿಲವಾಗಿತ್ತು, ಎಡಗಾಲಿಯ ಹೊರಗಿನ ಟೈ ರಾಡ್ ಎಂಡ್ ಕೈಯಲ್ಲಿ ಹಿಡಿದು ಒತ್ತಿದರೇ ಅಲುಗುತ್ತಿತ್ತು. ಬಾಲ್ ಜಾಯಿಂಟುಗಳು ಚೆನ್ನಾಗಿದ್ದವು. ಮುಂಗಾಲಿಗಳ ಬೇರಿಂಗುಗಳಲ್ಲಿ ತುಸು ಹೆಚ್ಚಿನ ಸಡಿಲವಿತ್ತು, ಅಷ್ಟೇ.

ಆ ರಬ್ಬರ್ ಕಪ್ಲಿಂಗ್ ಬಗ್ಗೆ ಎರಡು ಮಾತು ಹೇಳಬೇಕು. ರಬ್ಬರ್ ಸೇರಿಸಿ ಒತ್ತಿದ ಬಟ್ಟೆಯ ಪದರಗಳ ಬಿಲ್ಲೆಯೊಂದನ್ನು ಎರಡು ಫ್ಲೇಂಜುಗಳ ನಡುವೆ ಕೂರಿಸಿರುತ್ತಾರೆ. ರಸ್ತೆಯ ಅದುರುವಿಕೆ ಕೈಗೆ ಬಾರದಂತೆ ಅದು ತಡೆಯುತ್ತದೆ. ಬಟ್ಟೆ ಹರಿದುಹೋದರೂ ಸ್ಟೀರಿಂಗ್ ಪೂರ್ತಿ ಕೈಬಿಡದಿರಲಿ ಎಂದು ಒಂದು ಫ್ಲೇಂಜಿನಲ್ಲಿ ಎರಡು ಉಕ್ಕಿನ ಪಿನ್ನುಗಳಿದ್ದು, ಅವು ಇನ್ನೊಂದು ಫ್ಲೇಂಜಿನ ಕಚ್ಚುಗಳ ನಡುವೆ ಯಾವುದನ್ನೂ ತಾಕದೆ ನಿಂತಿರುತ್ತವೆ. ಈ ಕಾರಿನಲ್ಲಿ ಪವರ್ ಸ್ಟೀರಿಂಗ್ ಎಣ್ಣೆ ತೊಟ್ಟಿಕ್ಕಿ, ಪಕ್ಕದ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಬಿಸಿಗೆ ಬೆಂದು, ಬಿಲ್ಲೆಯ ಅಂಚು ಹಳೆಯ ಗೋಣಿಚೀಲದ ಬಾಯಿಯಂತೆ ಎಳೆಬಿಟ್ಟಿತ್ತು. ಕಚ್ಚಿನ ಒಳಮೈಯಲ್ಲಿ ಪಿನ್ನು ಬಡಿದು ಬಡಿದು ಬೆಳ್ಳಗೆ ಹೊಳೆಯುವ ಗುರುತು ಮೂಡಿತ್ತು. ಎಂದರೆ, ಚಾಲಕರು ಚಕ್ರ ತಿರುಗಿಸಿದಾಗಲೆಲ್ಲ ಬಟ್ಟೆಯ ಬದಲು ಪಿನ್ನೇ ಬಾಕ್ಸನ್ನು ತಿರುಗಿಸುತ್ತಿತ್ತು. ಸ್ಟೀರಿಂಗ್ ಇನ್ನೂ ಕೆಲಸ ಮಾಡುತ್ತಿದ್ದುದರಿಂದ ಇದನ್ನು ಯಾರೂ ಗಮನಿಸಿರಲಿಲ್ಲ.

ಬಾಕ್ಸಿನ ನಡುಬಿಂದು

ಪ್ರಕರಣದ ಗಂಟು ಇದ್ದದ್ದು ಬಾಕ್ಸಿನಲ್ಲಿ. ಈ ಬಗೆಯ ಬಾಕ್ಸಿನ ಹಲ್ಲುಗಳನ್ನು ಎರಡೂ ಕೊನೆಗಳಿಗಿಂತ ನಟ್ಟನಡುವೆ ಹೆಚ್ಚು ಬಿಗಿಯಾಗಿ ಕೂಡುವಂತೆ ಕತ್ತರಿಸಿರುತ್ತಾರೆ. ಕಾರು ನೇರವಾಗಿ ಓಡುವಾಗ ಹಲ್ಲುಗಳು ಆ ಬಿಗಿಯ ನಡುಬಿಂದುವಿನಲ್ಲಿರಬೇಕು, ಆಗ ಪ್ಲೇ ಇರುವುದಿಲ್ಲ. ನಡುಬಿಂದುವಿನಿಂದ ಆಚೆ ಹೋದಂತೆ ಸ್ವಲ್ಪ ಸಡಿಲ ಬರುವುದು ದೋಷವಲ್ಲ, ಅದು ಉದ್ದೇಶಪೂರ್ವಕವಾದ ವಿನ್ಯಾಸ. ಅತಿ ಹೆಚ್ಚು ಬಳಕೆಯಾಗಿ ಸವೆಯುವುದು ನಡುಭಾಗವೇ ಆದ್ದರಿಂದ, ಮುಂದೆ ಅದನ್ನು ಬಿಗಿಮಾಡಬೇಕಾಗಿ ಬಂದಾಗ ಕೊನೆಗಳಲ್ಲಿ ಹಲ್ಲು ಕಚ್ಚಿಕೊಳ್ಳಬಾರದು ಎಂಬುದು ಅದರ ಹಿಂದಿನ ಆಲೋಚನೆ.

ಡ್ರಾಪ್ ಆರ್ಮ್ ಅನ್ನು ಲಿಂಕೇಜಿನಿಂದ (ರಿಲೇ ರಾಡ್, ಟೈ ರಾಡುಗಳ ಜೋಡಣೆಯಿಂದ) ಬಿಡಿಸಿ, ಬಾಕ್ಸನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲನೆ ತಿರುಗಿಸಿ, ಸುತ್ತುಗಳನ್ನು ಎಣಿಸಿ ಅರ್ಧ ಮಾಡಿದಾಗ ನಿಜವಾದ ನಡುಬಿಂದು ಸಿಕ್ಕಿತು. ಕೊನೆಗಳಲ್ಲಿ ಜೋರಾಗಿ ಬಡಿಸಿದರೆ ಗುಂಡುಗಳ ದಾರಿಯ ಗೈಡುಗಳು ನಜ್ಜುಗುಜ್ಜಾಗುತ್ತವೆ, ಆದ್ದರಿಂದ ಇಲ್ಲಿ ಆತುರ ಸಲ್ಲದು. ಕಾರು ನೇರವಾಗಿ ಓಡುವಾಗ ಬಾಕ್ಸ್ ನಿಲ್ಲುತ್ತಿದ್ದ ಜಾಗ ಈ ನಡುಬಿಂದುವಿನಿಂದ ಕಾಲು ಸುತ್ತಿಗಿಂತಲೂ ಹೆಚ್ಚು ದೂರದಲ್ಲಿತ್ತು. ಆದರೂ ಚಾಲಕರ ಕಣ್ಣಿಗೆ ಸ್ಟೀರಿಂಗ್ ಚಕ್ರ ನೇರವಾಗಿಯೇ ಕಾಣುತ್ತಿತ್ತಲ್ಲ? ಹಾರ್ನ್ ಬಟನ್ ತೆಗೆದು ನೋಡಿದಾಗ, ಶಾಫ್ಟಿನ ತುದಿಯ ಗುರುತೂ ಚಕ್ರದ ನಡುವಿನ ಹಬ್ (ಶಾಫ್ಟಿಗೆ ಕೂರುವ ಭಾಗ) ಮೇಲಿನ ಗುರುತೂ ಎದುರುಬದುರಾಗಿರಲಿಲ್ಲ. ಯಾರೋ ಚಕ್ರವನ್ನು ಕಳಚಿ, ಕೆಲವು ಹಲ್ಲು ಸರಿಸಿ, ನೋಟಕ್ಕೆ ನೇರವಾಗುವಂತೆ ಕೂರಿಸಿದ್ದರು. ಟೈ ರಾಡುಗಳಲ್ಲಿ ಒಂದು ಉದ್ದವಾಗಿಯೂ ಇನ್ನೊಂದು ಗಿಡ್ಡವಾಗಿಯೂ ಇದ್ದವು.

ಆ ವರ್ಕ್‌ಶಾಪಿನ ಅಡ್ಜಸ್ಟ್‌ಮೆಂಟ್ ಏಕೆ ವಿಫಲವಾಯಿತು ಎಂಬುದು ಇಲ್ಲಿಗೆ ಸ್ಪಷ್ಟವಾಯಿತು. ಬಾಕ್ಸಿನ ಸಹಜವಾಗಿ ಸಡಿಲವಾಗಿರುವ ಭಾಗದಲ್ಲಿ ಕಾರು ನೇರವಾಗಿ ಓಡುತ್ತಿದ್ದುದರಿಂದ ಪ್ಲೇ ಸಿಗುತ್ತಿತ್ತು. ಆ ಪ್ಲೇ ಹೋಗಲೆಂದು ಸ್ಕ್ರೂ ತಿರುಗಿಸಿದಾಗ ನಿಜವಾದ ನಡುಬಿಂದುವಿನಲ್ಲಿ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡವು. ತಿರುವಿನ ಬಳಿಕ ಮರಳುವಾಗ ಚಕ್ರ ಆ ಬಿಗಿಯಾದ ಜಾಗವನ್ನು ದಾಟಲಾರದೆ ನಿಲ್ಲುತ್ತಿತ್ತು. ಹೈಡ್ರಾಲಿಕ್ ಸಹಾಯ ಬಾಕ್ಸಿನ ಮುಂದೆ, ಡ್ರಾಪ್ ಆರ್ಮ್ ಬಳಿಯಲ್ಲಿ ಸಿಗುವುದರಿಂದ ಬಾಕ್ಸಿನೊಳಗಿನ ಬಿಗಿತವನ್ನು ಅದು ನೀಗಿಸಲಾರದು, ಅಷ್ಟೂ ಚಾಲಕರ ಕೈಗೇ ಬರುತ್ತದೆ. ಹೀಗೆ ಒಂದೇ ಬಾಕ್ಸಿನಲ್ಲಿ ಸಡಿಲವೂ ಬಿಗಿತವೂ ಏಕಕಾಲಕ್ಕೆ ಸೇರಿಕೊಂಡಿದ್ದವು.

ಬಾಕ್ಸನ್ನು ಕೆಳಗಿಳಿಸಿ ಬಿಚ್ಚಿದೆವು. ಡ್ರಾಪ್ ಆರ್ಮ್ ಕಳಚಲು ಪುಲ್ಲರ್ ಬಳಸಬೇಕೇ ಹೊರತು ಸುತ್ತಿಗೆಯನ್ನಲ್ಲ, ಏಕೆಂದರೆ ಹೊಡೆತದ ಪೆಟ್ಟು ನೇರವಾಗಿ ಒಳಗಿನ ಗುಂಡುಗಳ ದಾರಿಗೆ ಬೀಳುತ್ತದೆ. ಒಳಗೆ ವರ್ಮ್‌ನ ಗುಂಡುದಾರಿಯಲ್ಲಿ ಗುಳಿಗಳಿರಲಿಲ್ಲ. ಸೆಕ್ಟರ್ ಹಲ್ಲುಗಳಲ್ಲಿ ವಯಸ್ಸಿಗೆ ತಕ್ಕ ಹೊಳಪಿತ್ತು, ಸೀಳು ಚೂರು ಯಾವುದೂ ಇರಲಿಲ್ಲ. ಹಾಳಾಗಿದ್ದದ್ದು ವರ್ಮ್‌ನ ಕೆಳಗಿನ ಬೇರಿಂಗ್ ಮಾತ್ರ. ಅದರ ಗುಂಡುಗಳು ಓಡುವ ಬಟ್ಟಲಿನಲ್ಲಿ ಗುಳಿ ಬಿದ್ದು ಇಡೀ ವರ್ಮ್ ಉದ್ದಕ್ಕೆ ಸರಿದಾಡುತ್ತಿತ್ತು. ಎರಡೂ ಬೇರಿಂಗ್, ಎರಡೂ ಸೀಲ್ ಹೊಸದಾಗಿ ಹಾಕಿ, ಗಟ್ಟಿಯಾಗಿದ್ದ ಹಳೆಯ ಗ್ರೀಸ್ ತೊಳೆದು ಹೊಸ ಗ್ರೀಸ್ ತುಂಬಲಾಯಿತು. ಇದು ಗ್ರೀಸಿಗಾಗಿ ಮಾಡಿದ ಬಾಕ್ಸ್. ಇದಕ್ಕೆ ಗೇರ್ ಆಯಿಲ್ ಸುರಿಯುವವರಿದ್ದಾರೆ, ಅದು ಕೆಲವೇ ವಾರಗಳಲ್ಲಿ ಸೀಲಿನ ಮೂಲಕ ನೆಲಕ್ಕೆ ಬರುತ್ತದೆ.

ಹೊಂದಿಸುವಾಗ ಕ್ರಮ ತಪ್ಪಬಾರದು. ಮೊದಲು ಮೇಲಿನ ಅಡ್ಜಸ್ಟಿಂಗ್ ಸ್ಕ್ರೂವನ್ನು ಪೂರ್ತಿ ಸಡಿಲಿಸಿ, ವರ್ಮ್ ಬೇರಿಂಗುಗಳ ಬಿಗಿತವನ್ನು ಮಾತ್ರ ಸರಿಮಾಡಿ ಲಾಕ್ ನಟ್ ಹಾಕಬೇಕು. ಆ ಬಿಗಿತ ಎಷ್ಟು ಸಣ್ಣದೆಂದರೆ ಅದನ್ನು ಅಳೆಯಲು ಇಂಚ್-ಪೌಂಡ್ ಲೆಕ್ಕದ ಟಾರ್ಕ್ ವ್ರೆಂಚೇ ಬೇಕು, ಕೈ ಅಂದಾಜು ನಡೆಯುವುದಿಲ್ಲ. ಅನಂತರ ಬಾಕ್ಸನ್ನು ಎಣಿಸಿದ ನಡುಬಿಂದುವಿಗೆ ತಂದು, ಅಲ್ಲಿ ಮಾತ್ರ ಮೇಲಿನ ಸ್ಕ್ರೂವಿನಿಂದ ಹಲ್ಲುಗಳ ನಡುವಿನ ಸಡಿಲ ತೆಗೆದು, ನಡುಬಿಂದು ದಾಟುವಾಗ ತುಸು ಹೆಚ್ಚಿನ ಬಿಗಿತ ಕೈಗೆ ತಿಳಿಯುವಂತೆ ಹೊಂದಿಸಬೇಕು. ಸ್ಕ್ರೂವಿನ ತಲೆ ಸೆಕ್ಟರ್ ಶಾಫ್ಟಿನ ಕಚ್ಚಿನಲ್ಲಿ ಕೂರುವ ಜಾಗದಲ್ಲಿ ಇಂಚಿನ ಸಾವಿರ ಭಾಗಗಳಲ್ಲಿ ಎರಡಕ್ಕಿಂತ ಹೆಚ್ಚು ಸಡಿಲವಿರಬಾರದು, ಇದ್ದರೆ ತಲೆಯ ಕೆಳಗಿನ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಬೇಕು. ಹೊರಗಿನಿಂದ ಸ್ಕ್ರೂ ಎಷ್ಟೇ ತಿರುಗಿಸಿದರೂ ಈ ಸಡಿಲ ಹೋಗುವುದಿಲ್ಲ.

ಹೊಸ ರಬ್ಬರ್ ಕಪ್ಲಿಂಗ್ ಹಾಕುವಾಗ ಪಿನ್ನುಗಳು ಕಚ್ಚಿನ ನಡುವೆ ಎಲ್ಲಿಯೂ ತಾಕದಂತೆ ಬಾಕ್ಸನ್ನು ಚಾಸಿಯ ಮೇಲೆ ಸರಿಸಿ ಕೂರಿಸಿದೆವು. ಹಾರ್ನ್‌ನ ಅರ್ತ್ ಸಂಪರ್ಕ ಈ ಕಪ್ಲಿಂಗ್ ಮೂಲಕವೇ ಹೋಗುವುದರಿಂದ, ಲೋಹದ ಸಂಪರ್ಕಪಟ್ಟಿ ಇಲ್ಲದ ಅಗ್ಗದ ಬಿಲ್ಲೆ ತಂದರೆ ಸ್ಟೀರಿಂಗ್ ಸರಿಹೋಗಿ ಹಾರ್ನ್ ಕೆಟ್ಟುಕೂರುತ್ತದೆ.

ಲಿಂಕೇಜಿನ ಉಳಿದ ಕೆಲಸಗಳಲ್ಲಿ ವಿಶೇಷವೇನಿರಲಿಲ್ಲ. ಐಡ್ಲರ್ ಆರ್ಮ್ ಹೊಸದಾಯಿತು, ನಾಲ್ಕೂ ಟೈ ರಾಡ್ ಎಂಡುಗಳು ಹೊಸದಾದವು. ಗಾಲಿ ಬೇರಿಂಗುಗಳನ್ನು ಗಾಲಿ ತಿರುಗಿಸುತ್ತಲೇ 12 ಪೌಂಡ್-ಅಡಿಗೆ ಬಿಗಿದು, ಸಡಿಲಿಸಿ, ಬೆರಳಿನಿಂದ ಮತ್ತೆ ಬಿಗಿದು ಪಿನ್ ಹಾಕಲಾಯಿತು. ಕಂಟ್ರೋಲ್ ವಾಲ್ವಿಗೆ ಹೊಸ ಬಾಲ್ ಸ್ಟಡ್, ಸೀಟು, ಸೀಲುಗಳು ಬಂದವು. ವಾಲ್ವ್ ಬಿಚ್ಚಿದ ಮೇಲೆ ಅದನ್ನು ಸಮತೋಲನಕ್ಕೆ ತರಲೇಬೇಕು. ಸಿಲಿಂಡರಿನ ರಾಡನ್ನು ಚಾಸಿಯಿಂದ ಬಿಡಿಸಿ ಎಂಜಿನ್ ಚಾಲೂ ಮಾಡಿದಾಗ ರಾಡ್ ಒಳಗೇ ಉಳಿದರೆ, ವಾಲ್ವಿನ ತುದಿಯ ನಟ್ಟನ್ನು ರಾಡ್ ಹೊರಬರಲು ತೊಡಗುವವರೆಗೆ ಬಿಗಿಯಬೇಕು, ಮತ್ತೆ ಒಳಹೋಗಲು ತೊಡಗುವವರೆಗೆ ಸಡಿಲಿಸಬೇಕು, ಆ ಎರಡರ ನಡುವಿನ ಅರ್ಧಕ್ಕೆ ನಿಲ್ಲಿಸಬೇಕು. ಇದನ್ನು ಮಾಡದೆ ಬಿಟ್ಟರೆ ಚಾಲಕರು ಕೈ ಇಡದಿದ್ದರೂ ಕಾರು ಒಂದು ಕಡೆಗೆ ತಾನೇ ತಿರುಗಲು ನೋಡುತ್ತದೆ, ಗಾಲಿಗಳು ಮೇಲೆತ್ತಿರುವಾಗಲಂತೂ ಚಕ್ರ ಕೊನೆಯವರೆಗೂ ಓಡಿಬಿಡಬಹುದು.

ಹಿಂದಿನ ಗಾಲಿ

ಇಷ್ಟರಲ್ಲಿ ಚಕ್ರದ ಅಂಚಿನ ಪ್ಲೇ 14 ಮಿ.ಮೀ.ಗೆ ಇಳಿದಿತ್ತು. ಈ ರಚನೆಗೆ ಅದು ಉತ್ತಮ ಅಳತೆಯೇ. ಚಕ್ರ ತಾನಾಗಿ ನೇರಕ್ಕೆ ಬರುತ್ತಿತ್ತು. ಆದರೆ ಹೆದ್ದಾರಿಯಲ್ಲಿ ಕಾರು ಸರಿಯುವುದು ಕಡಿಮೆಯಾಗಿತ್ತೇ ಹೊರತು ಹೋಗಿರಲಿಲ್ಲ. ಸ್ನೇಹಿತರು ಮೊದಲ ದಿನವೇ ಹೇಳಿದ್ದ ಮೂರನೆಯ ಲಕ್ಷಣ ಈಗ ಇನ್ನೂ ಸ್ಪಷ್ಟವಾಯಿತು. ಹಿಂಭಾಗದ ಕೆಲಸಕ್ಕೆ ಖರ್ಚು ಹೆಚ್ಚು ಎಂಬ ಕಾರಣಕ್ಕೆ ಅವರೇ ಅದನ್ನು ಮುಂದೂಡಿದ್ದರು, ಇನ್ನು ಮುಂದೂಡುವಂತಿರಲಿಲ್ಲ.

ಕಾರ್ವೆಟ್‌ನ ಪ್ರತಿ ಹಿಂಗಾಲಿಯನ್ನೂ ಹೊತ್ತಿರುವುದು ಉದ್ದುದ್ದವಾಗಿ ಚಾಚಿದ ಟ್ರೇಲಿಂಗ್ ಆರ್ಮ್. ಅದರ ಮುಂತುದಿಯ ರಬ್ಬರ್ ಬುಷ್ ಚಾಸಿಯ ಪೊಳ್ಳಿನೊಳಗೆ ಕೂತಿದ್ದು, ಬುಷ್‌ನ ಎರಡೂ ಪಕ್ಕಕ್ಕೆ ಹಾಕುವ ಶಿಮ್‌ಗಳ ದಪ್ಪದಿಂದಲೇ ಆ ಗಾಲಿ ಒಳಮುಖವಾಗಿರಬೇಕೋ ಹೊರಮುಖವಾಗಿರಬೇಕೋ ಎಂಬುದು ನಿರ್ಧಾರವಾಗುತ್ತದೆ. ಮಿಷಿಗನ್‌ನಲ್ಲಿ ಚಳಿಗಾಲದ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಈ ಪೊಳ್ಳಿನಲ್ಲಿ ನಿಂತು ಎಡಭಾಗದ ಶಿಮ್‌ಗಳನ್ನು ಕಂದು ಹುಡಿಯಾಗಿಸಿತ್ತು, ಬೆರಳಿಟ್ಟರೆ ಪದರಪದರವಾಗಿ ಉದುರುತ್ತಿದ್ದವು. ಬುಷ್‌ನ ರಬ್ಬರ್ ಒಳಗಿನ ಲೋಹದ ಕೊಳವೆಯಿಂದ ಬಿಟ್ಟುಹೋಗಿತ್ತು. ಆಕ್ಸಿಲರೇಟರ್ ಒತ್ತಿದಾಗ ಗಾಲಿ ಆರ್ಮನ್ನು ಮುಂದಕ್ಕೆ ನೂಕುತ್ತಿತ್ತು, ಬಿಟ್ಟಾಗ ಹಿಂದಕ್ಕೆ ಎಳೆಯುತ್ತಿತ್ತು. ಪ್ರತಿ ಬಾರಿಯೂ ಆರ್ಮ್ ಪಕ್ಕಕ್ಕೆ ಸರಿದು ಎಡಹಿಂಗಾಲಿಯ ಮುಖ ಬದಲಾಗುತ್ತಿತ್ತು. ಚಾಲಕರು ಮುಂದಿನಿಂದ ಕಾರನ್ನು ನಡೆಸುತ್ತಿದ್ದರೆ ಹಿಂದಿನ ಗಾಲಿಯೊಂದು ತನ್ನ ಪಾಡಿಗೆ ತಾನು ಬೇರೆ ದಾರಿ ಹಿಡಿಯುತ್ತಿತ್ತು.

ಬಾಕ್ಸಿನ ನಡುಬಿಂದು ಏಕೆ ತಪ್ಪಿತ್ತು ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ ಎಂಬುದು ನನ್ನ ತರ್ಕ. ಹಿಂಗಾಲಿ ಓರೆಯಾದಾಗ ಕಾರನ್ನು ನೇರ ಓಡಿಸಲು ಮುಂಗಾಲಿಗಳನ್ನೂ ತುಸು ಓರೆ ಹಿಡಿಯಬೇಕಾಗುತ್ತದೆ, ಆಗ ಸ್ಟೀರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಆ ಸೊಟ್ಟನ್ನು ಸರಿಪಡಿಸಲು ಒಬ್ಬರು ಒಂದೇ ಬದಿಯ ಟೈ ರಾಡ್ ತಿರುಗಿಸಿರಬೇಕು, ಇನ್ನೊಬ್ಬರು ಚಕ್ರವನ್ನೇ ಕಳಚಿ ನೇರ ಕೂರಿಸಿರಬೇಕು. ಅದರಿಂದ ಬಾಕ್ಸ್ ತನ್ನ ಬಿಗಿಯ ಜಾಗ ಬಿಟ್ಟು ಪ್ಲೇ ಕಾಣಿಸಿಕೊಂಡಿತು, ಪ್ಲೇ ಕಂಡವರು ಸ್ಕ್ರೂ ಬಿಗಿದರು. ಮುಂಭಾಗಕ್ಕೆ ಮಾತ್ರ ಗಾಲಿಗಳ ಕೋನ ಹೊಂದಿಸುವ, ಅಂದರೆ ಅಲೈನ್‌ಮೆಂಟ್ ಮಾಡುವ ಪದ್ಧತಿಯಲ್ಲಿ ಈ ಸರಪಳಿಯ ಮೊದಲ ಕೊಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಬುಷ್‌ನ ಒಳಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿದ್ದ ಬೋಲ್ಟ್ ಸ್ಪ್ಯಾನರಿಗೆ ಜಗ್ಗಲಿಲ್ಲ. ಈ ಕಾರುಗಳಲ್ಲಿ ಅದು ಜಗ್ಗುವುದೇ ಅಪರೂಪ. ಚಾಸಿಗೂ ಬುಷ್‌ಗೂ ನಡುವೆ ವಿದ್ಯುತ್ ಗರಗಸದ ಬ್ಲೇಡ್ ತೂರಿಸಿ ಎರಡೂ ಕಡೆ ಕತ್ತರಿಸಬೇಕಾಯಿತು. ಎರಡೂ ಆರ್ಮ್‌ಗಳಿಗೆ ಹೊಸ ಬುಷ್, ಹೊಸ ಬೋಲ್ಟ್, ಸ್ಟೇನ್‌ಲೆಸ್ ಶಿಮ್‌ಗಳು ಬಂದವು. ಸುತ್ತಲಿನ ಚಾಸಿ ಉಕ್ಕಿನಲ್ಲಿ ತೂತು ಬಿದ್ದಿಲ್ಲವೆಂದು ಚೂಪು ಉಳಿಯಿಂದ ಕುಟ್ಟಿ ಖಚಿತಪಡಿಸಿಕೊಂಡೆವು. ಮುಂದೆ ಬಾಕ್ಸ್ ಕೂರುವ ಜಾಗದಲ್ಲಿಯೂ ಹೀಗೆಯೇ ಪರೀಕ್ಷಿಸಲಾಗಿತ್ತು. ಅಲ್ಲಿ ಬಿರುಕಿದ್ದರೆ ಬಾಕ್ಸೇ ಚಾಸಿಯ ಮೇಲೆ ಅಲುಗುತ್ತದೆ, ಉಳಿದ ಯಾವ ದುರಸ್ತಿಗೂ ಅರ್ಥವಿರುವುದಿಲ್ಲ.

ಕೊನೆಯದಾಗಿ ನಾಲ್ಕೂ ಗಾಲಿಗಳ ಅಲೈನ್‌ಮೆಂಟ್ ಆಯಿತು. ಮೊದಲು ಹಿಂಗಾಲಿಗಳನ್ನು ಕಾರಿನ ನಡುಗೆರೆಗೆ ಹೊಂದಿಸಿ, ಬಾಕ್ಸನ್ನು ನಡುಬಿಂದುವಿನಲ್ಲಿ ಕಟ್ಟಿಹಾಕಿ, ಸ್ಟೀರಿಂಗ್ ಚಕ್ರವನ್ನು ಗುರುತಿಗೆ ಗುರುತು ಕೂಡಿಸಿ ಕೂರಿಸಿ, ಆಮೇಲೆ ಎರಡೂ ಟೈ ರಾಡುಗಳಿಂದ ಮುಂಗಾಲಿಗಳನ್ನು ನೇರ ಮಾಡಲಾಯಿತು. ಚಕ್ರ ಸೊಟ್ಟಗಿದ್ದರೆ ಅದನ್ನು ಟೈ ರಾಡುಗಳಲ್ಲಿಯೇ ಸರಿಪಡಿಸಬೇಕೆಂದು ಅಲೈನ್‌ಮೆಂಟ್ ಅಂಗಡಿಯವರಿಗೆ ಮೊದಲೇ ಬರೆದುಕೊಟ್ಟಿದ್ದೆವು. ಪವರ್ ಸ್ಟೀರಿಂಗ್ ಇರುವುದರಿಂದ ಭಾರವೆನಿಸುವ ಭಯವಿಲ್ಲವೆಂದು, ಮುಂದಿನ ಸಸ್ಪೆನ್ಷನ್ನಿನ ಮೇಲಿನ ಆರ್ಮ್‌ಗಳ ಶಿಮ್ ಬದಲಿಸಿ ಕ್ಯಾಸ್ಟರ್ ಕೋನವನ್ನು (ಮುಂಗಾಲಿ ತಿರುಗುವ ಅಕ್ಷದ ಹಿಂಬಾಗನ್ನು) ತುಸು ಹೆಚ್ಚಿಸಿದ್ದರಿಂದ ನೇರ ಓಟದ ಸ್ಥಿರತೆ ಇನ್ನಷ್ಟು ಸುಧಾರಿಸಿತು.

ಇಂಥ ಕಾರಿಗೆ ರ‍್ಯಾಕ್ ಅಂಡ್ ಪಿನಿಯನ್ ಅಳವಡಿಸುವ ಕಿಟ್‌ಗಳು ಮಾರುಕಟ್ಟೆಯಲ್ಲಿವೆ. ಸ್ನೇಹಿತರಿಗೂ ಆ ಆಸೆ ಇತ್ತು. ಟೈ ರಾಡಿನ ಒಳತುದಿಗಳು ಸರಿಯಾದ ಜಾಗಕ್ಕೆ ಬಾರದಿದ್ದರೆ ಪ್ರತಿ ಹೊಂಡದಲ್ಲಿಯೂ ಗಾಲಿ ತಾನಾಗಿ ತಿರುಗುವ ಹೊಸ ಸಮಸ್ಯೆ ಹುಟ್ಟುತ್ತದೆ, ಹಿಂದಿನ ಬುಷ್ ಕೆಟ್ಟಿದ್ದರೆ ರ‍್ಯಾಕ್ ಹಾಕಿದರೂ ಕಾರು ಸರಿಯುತ್ತಲೇ ಇರುತ್ತದೆ ಎಂಬ ಕಾರಣಕ್ಕೆ ನಾನು ಬೇಡವೆಂದೆ. ಈಗ ಕಾರು ಹೆದ್ದಾರಿಯಲ್ಲಿ ಒಂದು ಕೈಯ ಹಿಡಿತಕ್ಕೆ ನಿಲ್ಲುತ್ತದೆ. ಸಿಲಿಂಡರಿನ ರಾಡ್ ಬಳಿ ಇನ್ನೂ ಸಣ್ಣದಾಗಿ ಎಣ್ಣೆ ಜಿನುಗುತ್ತಿದೆ. ಅದು ಹೊಸ ರಬ್ಬರ್ ಕಪ್ಲಿಂಗ್ ಮೇಲೆ ಬೀಳುವುದಿಲ್ಲವಾದ್ದರಿಂದ, ಚಳಿಗಾಲದಲ್ಲಿ ಕಾರು ಶೆಡ್ಡಿನಲ್ಲಿ ನಿಂತಾಗ ಸೀಲ್ ಬದಲಿಸುವುದೆಂದು ಬಿಡಲಾಗಿದೆ.